ಇದ್ದಿಲಿಗೆ ಕಾವಿಲ್ಲ ಎನ್ನುವವರಿಗೆ

ಸೊಲ್ಲಾಪುರದ ತರುಣ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಐಟಿಐ ಮುಗಿಸಿ ಎಂಐಡಿಸಿಯಲ್ಲಿ ಕೆಲಸಕ್ಕಿರುವ ಇವರು ಮನೆಯ ಹಿತ್ತಲಲ್ಲಿ ಪುಟ್ಟ ಕುಲುಮೆಯೊಂದನ್ನು ಕಟ್ಟಿಕೊಂಡಿದ್ದಾರೆ. ಗುಜರಿಯಿಂದ ತಂದ ಲಾರಿಯ ಬ್ರೇಕ್ ಡ್ರಮ್ಮು, ಅದರ ತಳಕ್ಕೊಂದು ಪೈಪು, ಪೈಪಿನ ಬಾಯಿಗೆ ವಿದ್ಯುತ್ ಬ್ಲೋವರು. ಇಸ್ತ್ರಿಯವರಿಗೆ ಇದ್ದಿಲು ಮಾರುವ ವಖಾರದಿಂದ ಚೀಲ ತಂದು ಸುರಿದು, ಸ್ವಿಚ್ ಹಾಕಿದರೆ ಕಿಡಿ ಹಾರಿದ್ದೇ ಹಾರಿದ್ದು. ಕಬ್ಬಿಣ ಮಾತ್ರ ಮಂದ ಕೆಂಪಿನಿಂದ ಮೇಲಕ್ಕೆ ಏರಲೇ ಇಲ್ಲ. ಅಷ್ಟರಲ್ಲಿ ಚೀಲ ಅರ್ಧ ಖಾಲಿ. ‘ಇದ್ದಿಲಿಗೆ ಕಾವು ಸಾಲುವುದಿಲ್ಲವಂತೆ, ಕಲ್ಲಿದ್ದಲೇ ಬೇಕಂತೆ. ನಮ್ಮ ಕಡೆ ಎಲ್ಲಿ ಸಿಗುತ್ತದೆ?’ ಎಂದು ಕೇಳಿದ್ದಾರೆ.

ಕಲ್ಲಿದ್ದಲಿನ ವಿಳಾಸ ಹುಡುಕುವ ಮೊದಲು ಅವರು ಬ್ಲೋವರಿನ ಗಾಳಿಯನ್ನು ಕಾಲುಭಾಗಕ್ಕೆ ಇಳಿಸಿ, ಡ್ರಮ್ಮಿನೊಳಗೆ ಮಣ್ಣು ಮೆತ್ತಿ ಗುಂಡಿಯನ್ನು ಕಿರಿದು ಮಾಡಲಿ ಎಂಬುದು ನನ್ನ ಉತ್ತರ. ಇದ್ದಿಲಿಗೆ ಕಾವಿಲ್ಲ ಎಂಬ ಮಾತು ಎಷ್ಟು ಹಬ್ಬಿದೆಯೋ ಅಷ್ಟೇ ಸುಳ್ಳು. ಮನೆಮಟ್ಟದ ಕುಲುಮೆಗೆ, ಅದರಲ್ಲೂ ಸೊಲ್ಲಾಪುರ, ಅಕ್ಕಲಕೋಟೆಯಂಥ ಬಯಲುಸೀಮೆಯಲ್ಲಿ, ಇದ್ದಿಲಿಗಿಂತ ಒಳ್ಳೆಯ ಉರುವಲು ಇಲ್ಲ. ಆದರೆ ಅದು ಕೇಳುವ ಕುಲುಮೆಯೇ ಬೇರೆ, ಊದುವ ರೀತಿಯೇ ಬೇರೆ.

ಕಾವಿನ ಮಾತನ್ನು ಮೊದಲು ತೀರಿಸಿಬಿಡೋಣ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ಕಬ್ಬಿಣದ ಆಯುಧಗಳಿಗೆ ಸುಮಾರು 3000 ವರ್ಷಗಳ ವಯಸ್ಸು. ಅಂದಿನಿಂದ ಹತ್ತೊಂಬತ್ತನೇ ಶತಮಾನದವರೆಗೆ ದಕ್ಷಿಣದಲ್ಲಿ ಅದಿರು ಕರಗಿದ್ದು, ಮೂಸೆಯಲ್ಲಿ ಉಕ್ಕು ಆದದ್ದು, ಕತ್ತಿ ಬಾಗಿದ್ದು ಎಲ್ಲವೂ ಇದ್ದಿಲಿನ ಬೆಂಕಿಯಲ್ಲೇ. ಫ್ರಾನ್ಸಿಸ್ ಬುಕನನ್ 1800–01ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಿದಾಗ ಮಾಗಡಿ ಸುತ್ತಿನ ಕಬ್ಬಿಣದ ಭಟ್ಟಿಗಳನ್ನು, ಅವುಗಳ ತಿದಿಗಳನ್ನು ಅಳತೆ ಸಮೇತ ಬರೆದಿಟ್ಟಿದ್ದಾನೆ. ಅಲ್ಲಿ ಕಲ್ಲಿದ್ದಲಿನ ಚೂರೂ ಇರಲಿಲ್ಲ. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1709ರಲ್ಲಿ ಕೋಕ್ ಹಾಕಿ ಕಬ್ಬಿಣ ಕರಗಿಸತೊಡಗಿದ್ದು ಇದ್ದಿಲಿಗೆ ಕಾವು ಸಾಲದೆಂದು ಅಲ್ಲ; ಕಟ್ಟಿಗೆ ದುಬಾರಿಯಾಗಿತ್ತು, ಅಷ್ಟೇ. ಇನ್ನೂ ಹತ್ತಿರದ ಉದಾಹರಣೆ ಭದ್ರಾವತಿ. 1923ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಇದ್ದಿಲು ಉರಿಸಿಯೇ ನಡೆಯಿತು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಮಲೆನಾಡಿನಲ್ಲಿ ಮರವಿತ್ತು, ಕಲ್ಲಿದ್ದಲು ಮಾತ್ರ ಇರಲಿಲ್ಲ. ಕಟ್ಟಿಗೆಯನ್ನು ಮುಚ್ಚಿದ ಕೊಠಡಿಗಳಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಬಂದ ಹೊಗೆಯನ್ನೂ ಬಿಡದೆ ಹಿಡಿದು, ಅದರಿಂದ ಮೆಥನಾಲು, ಟಾರು ತೆಗೆಯುತ್ತಿದ್ದರು. ಕಾಡಿಗೆ ಬಿದ್ದ ಪೆಟ್ಟಿನ ಲೆಕ್ಕ ಬೇರೆಯೇ ಇದೆ, ಅದು ಇನ್ನೊಂದು ಅಂಕಣದ ವಿಷಯ. ಬೀಡು ಕರಗಿಸಿದ ಉರುವಲು ಕುರ್ಪಿ ಬಡಿಯಲು ಸಾಲದೆ ಹೋದೀತೇ?

ನಮ್ಮ ಕಡೆ ಕಲ್ಲಿದ್ದಲು ಬಂದದ್ದು ರೈಲಿನ ಜೊತೆ. 1860ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂತು, 1877ರಲ್ಲಿ ಮೊದಲ ಬಟ್ಟೆ ಗಿರಣಿ ಬಂತು, ಗಿರಣಿಯ ಚಿಮಣಿಗೆ ದಗಡಿ ಕೋಲಸಾ ಬೇಕಾಯಿತು. ಅದರ ಪುಡಿ, ಚೂರು ಪೇಟೆಯ ಕಂಬಾರರ ಕುಲುಮೆಗೂ ಇಳಿಯಿತು. ಈಗ ಗಿರಣಿಗಳೂ ಇಲ್ಲ, ಉಗಿಬಂಡಿಯೂ ಇಲ್ಲ. ಕಲ್ಲಿದ್ದಲಿನ ರೇಕುಗಳು ಬರುವುದು ಫತಾಟೆವಾಡಿಯ ಎನ್‌ಟಿಪಿಸಿ ವಿದ್ಯುತ್ ಸ್ಥಾವರಕ್ಕೆ. 1320 ಮೆಗಾವ್ಯಾಟಿನ ಆ ಬಾಯಿಗೆ ಹಾಕುವ ಮಾಲು ಕುಲುಮೆಗೆ ಒಗ್ಗುವಂಥದ್ದೂ ಅಲ್ಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು–ನಲವತ್ತು ಪಾಲು ಬರೀ ಬೂದಿ. ಕುಲುಮೆಯಲ್ಲಿ ಅದು ಕರಗಿ ಕಿಟ್ಟಗಟ್ಟಿ ಗಾಳಿಯ ತೂತನ್ನೇ ಮುಚ್ಚುತ್ತದೆ. ಜೊತೆಗೆ ಗಂಧಕ. ಕಾದ ಕಬ್ಬಿಣಕ್ಕೆ ಗಂಧಕ ಹತ್ತಿತೆಂದರೆ ಸುತ್ತಿಗೆಯ ಕೆಳಗೆ ಅದು ಬಾಗುವ ಬದಲು ಬಿರಿಯುತ್ತದೆ. ಇದ್ದಿಲಿನಲ್ಲಿ ಬೂದಿ ನೂರಕ್ಕೆ ಎರಡರಿಂದ ಐದು ಪಾಲು ಇದ್ದೀತು. ಗಂಧಕ ಇಲ್ಲವೆಂದೇ ಹೇಳಬಹುದು. ಜಪಾನಿನ ಕತ್ತಿ ಕಮ್ಮಾರರು ಇವತ್ತಿಗೂ ಪೈನ್ ಮರದ ಇದ್ದಿಲನ್ನು ಬಿಡದಿರುವುದಕ್ಕೆ ಸಂಪ್ರದಾಯವೊಂದೇ ಕಾರಣವಲ್ಲ.

ಹಾಗಾದರೆ ನಮ್ಮ ಓದುಗರ ಕುಲುಮೆ ಸೋತದ್ದೆಲ್ಲಿ?

ಉತ್ತರ ಬೇಕಿದ್ದವರು ಅಕ್ಕಲಕೋಟೆಯ ಹೊರದಾರಿಯಲ್ಲಿ ಬಿಡಾರ ಹಾಕುವ ಘಿಸಾಡಿಗಳ ಕುಲುಮೆಯನ್ನು ಒಂದು ತಾಸು ನಿಂತು ನೋಡಬೇಕು. ಊರಿಂದ ಊರಿಗೆ ತಿರುಗಿ ಕುಡಗೋಲು, ಕೊಡಲಿ, ಉಳಿ ಮಾಡಿಕೊಡುವ ಅಲೆಮಾರಿ ಕಮ್ಮಾರರು ಇವರು. ಕುಲುಮೆ ಎಂದು ಕರೆಯಲು ಅಲ್ಲಿ ಏನೂ ಇಲ್ಲ, ನೆಲದಲ್ಲೊಂದು ಗುಂಡಿ. ಎರಡು ಬೊಗಸೆ ಕೂಡಿಸಿದರೆ ಎಷ್ಟೋ ಅಷ್ಟು ಅಗಲ, ಒಂದು ಗೇಣು ಆಳ. ಗುಂಡಿಯ ಪಕ್ಕದಿಂದ ನೆಲದೊಳಗೇ ಒಂದು ಕೊಳವೆ ಬಂದು ತಳದಿಂದ ನಾಲ್ಕು ಬೆರಳು ಮೇಲೆ ಬಾಯಿ ಬಿಡುತ್ತದೆ. ಕೊಳವೆಯ ಇನ್ನೊಂದು ತುದಿಗೆ ಕೈಯಿಂದ ತಿರುಗಿಸುವ ಪಂಖಾ. ನಾನು ನೋಡಿದಾಗ ಪಂಖಾದ ಹಿಡಿಕೆ ಹತ್ತು–ಹನ್ನೆರಡರ ಹುಡುಗಿಯ ಕೈಯಲ್ಲಿತ್ತು. ಅಪ್ಪ ಇಕ್ಕಳದಲ್ಲಿ ಕಬ್ಬಿಣ ಹಿಡಿದು ಕೂತಿದ್ದ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಮ್ಮಟಿಗೆಯನ್ನು ನೆಲಕ್ಕೂರಿ ನಿಂತಿದ್ದಳು. ಘಿಸಾಡಿಗಳಲ್ಲಿ ದೊಡ್ಡ ಸುತ್ತಿಗೆ ಬೀಸುವುದು ಹೆಣ್ಣುಮಕ್ಕಳೇ. ಹುಡುಗಿ ಹಿಡಿಕೆಯನ್ನು ಒಂದೇ ವೇಗದಲ್ಲಿ ತಿರುಗಿಸುತ್ತಿರಲಿಲ್ಲ. ಕಬ್ಬಿಣ ಒಳಗಿಟ್ಟಾಗ ನಾಲ್ಕು ಸುತ್ತು ಜೋರಾಗಿ, ಬಣ್ಣ ಬರುತ್ತಿದ್ದಂತೆ ಸಾವಕಾಶ, ಅಪ್ಪ ಕಬ್ಬಿಣ ಹೊರತೆಗೆದ ಗಳಿಗೆಗೆ ಪೂರ್ತಿ ನಿಲ್ಲಿಸುತ್ತಿದ್ದಳು. ಯಾರೂ ಅವಳಿಗೆ ಹೇಳುತ್ತಿರಲಿಲ್ಲ.

ಇದ್ದಿಲಿನ ಕುಲುಮೆಯ ಬಹುಪಾಲು ಗುಟ್ಟು ಅಷ್ಟರಲ್ಲೇ ಇದೆ: ಇಕ್ಕಟ್ಟಾದ, ಆಳವಾದ ಗುಂಡಿ, ಪಕ್ಕದಿಂದ ಬರುವ ಗಾಳಿ, ಬೇಕೆಂದಾಗ ನಿಲ್ಲುವ ಊದು.

ಕಾರಣ ಹೇಳುತ್ತೇನೆ. ಕಲ್ಲಿದ್ದಲು ಕಾದಾಗ ಮೆತ್ತಗಾಗಿ ಒಂದಕ್ಕೊಂದು ಅಂಟಿ, ಕೋಕ್ ಆಗಿ, ಬೆಂಕಿಯ ಮೇಲೆ ತಾನೇ ಚಾವಣಿ ಕಟ್ಟಿಕೊಳ್ಳುತ್ತದೆ. ಅದರೊಳಗೆ ಕಾವು ತುಂಬಿ ನಿಲ್ಲುವುದರಿಂದ ಅಗಲವಾದ, ಆಳವಿಲ್ಲದ ಒಲೆಯಲ್ಲೂ ಕೆಲಸ ನಡೆಯುತ್ತದೆ. ಸುತ್ತ ನೀರು ಚಿಮುಕಿಸಿದರೆ ಬೆಂಕಿ ನಡುವಿನಲ್ಲೇ ಉಳಿಯುತ್ತದೆ. ಇದ್ದಿಲು ಅಂಟುವುದಿಲ್ಲ, ಚಾವಣಿ ಕಟ್ಟುವುದಿಲ್ಲ. ಅಗಲವಾದ ಬ್ರೇಕ್ ಡ್ರಮ್ಮಿಗೆ ಸುರಿದರೆ ಸಿಕ್ಕಲ್ಲೆಲ್ಲ ಹಬ್ಬಿ ಉರಿದು, ಕಾವನ್ನು ಆಕಾಶಕ್ಕೆ ಕೊಟ್ಟು ಬೂದಿಯಾಗುತ್ತದೆ. ಅದಕ್ಕೆ ಗೋಡೆಯನ್ನು ನಾವೇ ಕಟ್ಟಿಕೊಡಬೇಕು.

ಆಳ ಯಾಕೆಂದರೆ, ಕೊಳವೆಯ ಬಾಯಿಯ ಎದುರಿಗೆ ಗಾಳಿ ಹೊಸದಾಗಿರುತ್ತದೆ. ಅಲ್ಲಿ ಇದ್ದಿಲಿನ ಇಂಗಾಲ ಪೂರ್ತಿ ಉರಿದು ಅತಿ ಹೆಚ್ಚು ಕಾವು ಹುಟ್ಟುತ್ತದೆ. ಆದರೆ ಆಮ್ಲಜನಕ ಉಳಿದಿರುವ ಜಾಗವೂ ಅದೇ. ಕಬ್ಬಿಣವನ್ನು ಅಲ್ಲಿಗೇ ತೂರಿಸಿದರೆ ಇದ್ದಿಲಿನ ಜೊತೆ ಅದೂ ಉರಿಯುತ್ತದೆ. ಮೇಲೆಲ್ಲ ಹಕ್ಕಳೆ ಏಳುತ್ತದೆ, ಬಿಳಿಕಾವಿನಲ್ಲಾದರೆ ಸುರುಸುರುಬತ್ತಿ ಸಿಡಿದ ಹಾಗೆ ಕಿಡಿ ಕಾರುತ್ತದೆ. ಅಲ್ಲಿಂದ ನಾಲ್ಕಾರು ಬೆರಳು ಮೇಲಕ್ಕೆ ಬಂದರೆ ಆಮ್ಲಜನಕ ತೀರಿ, ಕೆಂಡದ ನಡುವೆ ಕಾರ್ಬನ್ ಮಾನಾಕ್ಸೈಡ್ ತುಂಬಿರುತ್ತದೆ. ಕಾವು ಹೇರಳ, ಕಬ್ಬಿಣ ಸುಡುವ ಗಾಳಿ ಇಲ್ಲ. ಕಬ್ಬಿಣವನ್ನು ಇಡಬೇಕಾದದ್ದು ಇಲ್ಲಿ, ಅಡ್ಡಲಾಗಿ. ಅದರ ಮೇಲೆ ಮತ್ತೆರಡು ಬೆರಳು ಕೆಂಡ ಮುಚ್ಚಿರಬೇಕು. ಅಂದರೆ ಕೊಳವೆಯ ಬಾಯಿಯಿಂದ ಮೇಲಕ್ಕೆ 12ರಿಂದ 15 ಸೆಂಟಿಮೀಟರ್ ಕೆಂಡ ನಿಲ್ಲುವಷ್ಟು ಆಳ ಬೇಕೇ ಬೇಕು. ಅಗಲ 15–20 ಸೆಂಟಿಮೀಟರ್ ಸಾಕು. ಬ್ರೇಕ್ ಡ್ರಮ್ಮಿಗೆ ಅಗಲ ಇದರ ಎರಡು ಪಾಲು, ಆಳ ಅರ್ಧ. ಅದರಲ್ಲಿ ಕಾವು ಏರದಿದ್ದರೆ ಇದ್ದಿಲನ್ನು ಬೈದು ಫಲವಿಲ್ಲ.

ಇನ್ನು ಗಾಳಿ. ಇದ್ದಿಲು ಹಗುರ, ಮೈಯೆಲ್ಲ ತೂತು. ಸ್ವಲ್ಪ ಗಾಳಿಗೇ ಕೆರಳುತ್ತದೆ. ಜೋರಾಗಿ ಊದಿದರೆ ಚೂರುಗಳು ಹಾರುತ್ತವೆ, ಹೆಚ್ಚಿನ ಆಮ್ಲಜನಕ ನೇರ ಕಬ್ಬಿಣಕ್ಕೆ ತಾಗುತ್ತದೆ, ಉರುವಲು ದುಪ್ಪಟ್ಟು ವೇಗದಲ್ಲಿ ಮುಗಿಯುತ್ತದೆ. ಮೈಂದರ್ಗಿ ಕಡೆಯ ಹಳ್ಳಿಯೊಂದರ ಕಂಬಾರ ಕಾಕಾನ ಬಳಿ ಒಮ್ಮೆ ಹುರುಪಿನಿಂದ ಬ್ಲೋವರಿನ ಸ್ವಿಚ್ಚಿಗೆ ಕೈಹಾಕಿದ ಊರ ಹುಡುಗನಿಗೆ ಅವರು ಹೇಳಿದ್ದು ನೆನಪಿದೆ: “ಸಾವಕಾಶ ಬಿಡೋ ತಮ್ಮಾ, ಇದ್ದಲಿ ಐತಿ ಇದು. ಬಿರುಗಾಳಿ ಬ್ಯಾಡ ಇದಕ್ಕ.” ವಿದ್ಯುತ್ ಬ್ಲೋವರೇ ಇರಲಿ ಎನ್ನುವವರು ಫ್ಯಾನಿನ ರೆಗ್ಯುಲೇಟರಿಗಿಂತ ಪೈಪಿನಲ್ಲೊಂದು ಕವಾಟ ಹಾಕಿಸಿಕೊಳ್ಳುವುದು ಒಳ್ಳೆಯದು. ಕಾಲಿನಿಂದ ಒತ್ತಿ ಹಿಡಿದರೆ ಮಾತ್ರ ನಡೆಯುವ ಸ್ವಿಚ್ಚಾದರೆ ಇನ್ನೂ ಚೆನ್ನು: ಕಬ್ಬಿಣ ಅಡಿಗಲ್ಲಿನ ಮೇಲಿರುವಾಗ ಗಾಳಿ ನಿಂತಿರುತ್ತದೆ. ಕಬ್ಬಿಣ ಬೆಂಕಿಯ ಹೊರಗಿದ್ದಾಗಲೂ ಓಡುವ ಬ್ಲೋವರು ಚೀಲದ ಮೂರನೇ ಒಂದು ಪಾಲನ್ನು ಸುಮ್ಮನೆ ತಿಂದುಹಾಕಬಲ್ಲದು.

ಗುಂಡಿಯ ಒಳಮೈಗೆ ಮೆತ್ತುವ ಮಣ್ಣಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮದು ಎರೆಸೀಮೆ. ಹಿತ್ತಲ ಕರಿಮಣ್ಣನ್ನೇ ಕಲಸಿ ಬಳಿಯುವ ಆಸೆಯಾಗುತ್ತದೆ. ಬೇಡ. ಬೇಸಿಗೆಯಲ್ಲಿ ಹೊಲಗಳು ಕಾಲು ಇಳಿಯುವಷ್ಟು ಬಾಯಿಬಿಡುವುದನ್ನು ನೋಡಿದವರಿಗೆ ಕಾರಣ ಬೇರೆ ಹೇಳಬೇಕಿಲ್ಲ. ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುವ ಮಣ್ಣು ಅದು, ಕುಲುಮೆಯ ಕಾವಿಗೆ ಮೊದಲ ದಿನವೇ ಸೀಳುತ್ತದೆ. ಹುತ್ತದ ಮಣ್ಣು ಅಥವಾ ಕುಂಬಾರರ ಮಣ್ಣಿಗೆ ಮರಳು, ಜರಡಿ ಹಿಡಿದ ಬೂದಿ, ಸ್ವಲ್ಪ ಹೊಟ್ಟು ಸೇರಿಸಿ ಗಟ್ಟಿಯಾಗಿ ನಾದಿ ಮೆತ್ತಿದರೆ ನಿಲ್ಲುತ್ತದೆ. ನೆರಳಲ್ಲಿ ವಾರಗಟ್ಟಲೆ ಒಣಗಲು ಬಿಡಬೇಕು. ಸಿಮೆಂಟು, ಹೊಳೆಯ ಉರುಟುಕಲ್ಲು ಎರಡೂ ಅಪಾಯ. ಒಳಗಿನ ನೀರು ಆವಿಯಾಗಿ ಅವು ಸಿಡಿಯುತ್ತವೆ.

ಯಾವ ಮರದ ಇದ್ದಿಲು? ಗಟ್ಟಿ ಮರದ್ದು. ಹಳಬರು ಕರಿಜಾಲಿ ಎನ್ನುತ್ತಾರೆ, ಹುಣಸೆ ಎನ್ನುತ್ತಾರೆ. ಹುಣಸೆಯನ್ನು ಇದ್ದಿಲಿಗಾಗಿ ಕಡಿಯುವುದು ನನ್ನ ಮಟ್ಟಿಗೆ ಪಾಪದ ಕೆಲಸ. ಅದರ ಅಗತ್ಯವೂ ಇಲ್ಲ. ಬೋರಿ ಹೊಳೆಯ ದಂಡೆ, ರೈಲು ಹಳಿಯ ಆಚೀಚೆ, ಬೀಳುಬಿದ್ದ ಹೊಲ, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಮರಾಠಿಯವರು ಇದನ್ನು ‘ವೇಡಿ ಬಾಭೂಳ’, ಹುಚ್ಚು ಜಾಲಿ, ಎಂದು ಕರೆಯುತ್ತಾರೆ. ಮೆಕ್ಸಿಕೊ, ಕೆರಿಬಿಯನ್ ಕಡೆಯ ಈ ಗಿಡವನ್ನು 1870ರ ದಶಕದಲ್ಲಿ ಉರುವಲಿಗೆಂದೇ ಬ್ರಿಟಿಷರು ಇಲ್ಲಿಗೆ ತಂದರು. ತಂದವರು ಹೋದರು, ಗಿಡ ಉಳಿಯಿತು, ಉಳಿದದ್ದಷ್ಟೇ ಅಲ್ಲ, ಹುಲ್ಲುಗಾವಲನ್ನೆಲ್ಲ ನುಂಗತೊಡಗಿತು. ಸೊಲ್ಲಾಪುರದ ಪಕ್ಕದ ನಾನ್ನಜದಲ್ಲಿ 1979ರಲ್ಲಿ ಮಾಳಢೋಕ ಹಕ್ಕಿಗೆಂದು ಅಭಯಾರಣ್ಯ ಮಾಡಿದರು. ಬಯಲನ್ನೇ ನಂಬಿ ಬದುಕುವ ಆ ಹಕ್ಕಿಗೆ ಮುಳ್ಳುಕಂಟಿ ಬೆಳೆದ ಜಾಗ ನೆಲೆಯಾಗುವುದಿಲ್ಲ. ಕಡಿದರೆ ಅಳುವವರಿಲ್ಲದ ಮರ ಇದೊಂದೇ ಇರಬೇಕು. ಇದರ ಇದ್ದಿಲು ಗಟ್ಟಿ, ಭಾರ, ಹೊತ್ತು ನಿಲ್ಲುತ್ತದೆ. ಅವಗುಣವೊಂದಿದೆ: ಚಟಪಟ ಸಿಡಿಯುತ್ತದೆ. ಕನ್ನಡಕ ಹಾಕದೆ ಹತ್ತಿರ ಬಗ್ಗಬಾರದು. ನೈಲಾನು, ಪಾಲಿಯೆಸ್ಟರು ಬೇಡ, ಹತ್ತಿಯ ಬಟ್ಟೆಯೇ ಇರಲಿ.

ಅಕ್ಕಲಕೋಟೆಯವರಿಗೆ ಇನ್ನೊಂದು ಅನುಕೂಲ. ಸ್ವಾಮಿ ಸಮರ್ಥರ ಊರಿನಲ್ಲಿ ಒಡೆದ ತೆಂಗಿನ ಚಿಪ್ಪಿಗೆ ಬರವಿಲ್ಲ. ಚಿಪ್ಪಿನ ಇದ್ದಿಲು ಮರದ್ದಕ್ಕಿಂತಲೂ ಸಾಂದ್ರ. ಒಂದೇ ಗಾತ್ರದ ಚೂರಾಗಿ ಒಡೆಯುತ್ತದೆ, ಸಣ್ಣ ಕೆಲಸಕ್ಕೆ ಬಹಳ ಒಳ್ಳೆಯದು. ತೊಗರಿ ಕಟ್ಟಿಗೆಯ ಇದ್ದಿಲು ದುಧನಿ ಸುತ್ತಿನಲ್ಲಿ ಬೇಕಾದಷ್ಟು ಮಾಡಬಹುದು, ಆದರೆ ಅದು ಬೆಂಕಿ ಹೊತ್ತಿಸಲು ಮಾತ್ರ ಸರಿ. ಅಷ್ಟು ಹಗುರ, ಅಷ್ಟು ಬೇಗ ಹೊತ್ತುವ ಇದ್ದಿಲಾದ್ದರಿಂದಲೇ ಹಿಂದೆ ಕೋವಿಮದ್ದಿಗೆ ತೊಗರಿ ಕಟ್ಟಿಗೆಯನ್ನು ಆರಿಸುತ್ತಿದ್ದರು. ಅಕ್ಕಲಕೋಟೆ ಸಂಸ್ಥಾನದ ಅರಮನೆಯ ಶಸ್ತ್ರಾಗಾರದಲ್ಲಿ ಸಾಲಾಗಿ ನಿಂತ ಬಂದೂಕುಗಳನ್ನು ನೋಡುವಾಗ ಈ ಸಂಗತಿ ನೆನಪಿಗೆ ಬರುವುದುಂಟು.

ಇದ್ದಿಲು ಕೊಳ್ಳುವಾಗ ಎರಡು ತುಂಡನ್ನು ಒಂದಕ್ಕೊಂದು ತಟ್ಟಿ ನೋಡಿ. ಪೂರ್ತಿ ಬೆಂದದ್ದು ‘ಟಣ್’ ಎನ್ನುತ್ತದೆ, ಮುರಿದರೆ ಒಳಗೆ ಹೊಳಪಿರುತ್ತದೆ. ಅರೆಬೆಂದದ್ದು ಮಂಕಾದ ಸದ್ದು ಮಾಡುತ್ತದೆ, ಒಳಗೆ ಕಂದು ಬಣ್ಣ, ಹೊತ್ತಿಸಿದರೆ ಹೊಗೆ. ಮನೆಗೆ ತಂದು ಲಿಂಬೆಹಣ್ಣಿನ ಗಾತ್ರಕ್ಕೆ ಒಡೆದು ಜರಡಿ ಹಿಡಿಯಬೇಕು. ದೊಡ್ಡ ತುಂಡುಗಳ ನಡುವೆ ಗಾಳಿ ನುಸುಳಿ ಕಬ್ಬಿಣ ಸುಡುತ್ತದೆ. ಪುಡಿಯಾದರೆ ಗಾಳಿ ಕಟ್ಟಿಹೋಗುತ್ತದೆ.

ಖರ್ಚಿನ ಮಾತು ಬಿಟ್ಟರೆ ನಡೆಯದು. ತೂಕಕ್ಕೆ ತೂಕ ಹಿಡಿದರೆ ಇದ್ದಿಲು ಕಲ್ಲಿದ್ದಲಿಗೆ ಸೋಲುವುದಿಲ್ಲ. ಒಂದು ಕಿಲೋಗೆ ಸುಮಾರು 7000 ಕಿಲೋಕ್ಯಾಲರಿ ಕಾವು. ಸೋಲುವುದು ಗಾತ್ರದಲ್ಲಿ. 50 ಕಿಲೋ ಗೋಧಿ ಹಿಡಿಯುವ ಗೋಣಿಚೀಲದಲ್ಲಿ ಇದ್ದಿಲು ಹಿಡಿಯುವುದು 15 ಕಿಲೋ ಆಸುಪಾಸು. ಮೇಲೆ ಹೇಳಿದ ಅಳತೆಯ ಗುಂಡಿ ಗಂಟೆಗೆ ಎರಡು–ಮೂರು ಕಿಲೋ ತಿನ್ನುತ್ತದೆ. ಹಾಗಾಗಿ ಒಂದು ಚೀಲಕ್ಕೆ ಒಂದು ರವಿವಾರದ ಕೆಲಸ ಎಂದಿಟ್ಟುಕೊಳ್ಳಿ. ಬೆಂಕಿ ಆರಿಸುವಾಗ ನೀರು ಸುರಿದು ರಾಡಿ ಮಾಡದೆ, ಕೆಂಡವನ್ನು ಕಬ್ಬಿಣದ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಳ ಹಾಕಿದರೆ ಉಳಿದದ್ದು ಮುಂದಿನ ಸಲಕ್ಕೆ ಆಗುತ್ತದೆ.

ಈ ಚೀಲ ಎಲ್ಲಿಂದ ಬಂತು ಎಂದೂ ಕೇಳಬೇಕು. ರಾಯಗಡ ಜಿಲ್ಲೆಯ ಕಾತಕರಿ ಆದಿವಾಸಿ ಕುಟುಂಬಗಳು ಮುಂಗಡ ಹಣ ಪಡೆದು, ಮಕ್ಕಳುಮರಿ ಸಮೇತ, ಘಟ್ಟದ ಮೇಲಿನ ಒಣ ಜಿಲ್ಲೆಗಳಿಗೂ ಕರ್ನಾಟಕಕ್ಕೂ ಇದ್ದಿಲು ಭಟ್ಟಿಯ ಕೆಲಸಕ್ಕೆ ವಲಸೆ ಹೋಗುವುದು ಹೊಸ ಸುದ್ದಿಯಲ್ಲ. ಮುಂಗಡ ತೀರುವುದೇ ಇಲ್ಲ. ಹೊಗೆಯಲ್ಲಿ ತಿಂಗಳುಗಟ್ಟಲೆ ದುಡಿದರೂ ಲೆಕ್ಕದ ಪುಸ್ತಕದಲ್ಲಿ ಬಾಕಿ ಉಳಿದಿರುತ್ತದೆ. ಜೀತವನ್ನು ನಿಷೇಧಿಸಿದ ಕಾಯ್ದೆ 1976ರದು. ಇದ್ದಿಲು ತೀರಾ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವವರು ಈ ಬಾಕಿಯನ್ನು ಯಾರು ಹೊತ್ತಿದ್ದಾರೆಂದು ವಖಾರದವರನ್ನು ಒಮ್ಮೆ ವಿಚಾರಿಸಬೇಕು. ಇನ್ನು ಕಾನೂನು. 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಇದ್ದಿಲು ಕಾಡಿನಿಂದ ಬಂದಿರಲಿ, ಹೊಲದ ಬದುವಿನಿಂದ ಬಂದಿರಲಿ, ಅರಣ್ಯ ಉತ್ಪನ್ನವೇ. ಆಳಂದ, ಇಂಡಿ ಕಡೆಯಿಂದ ವಾಹನ ತುಂಬ ತರುವ ಯೋಚನೆ ಇದ್ದರೆ ಎರಡೂ ರಾಜ್ಯದ ಅರಣ್ಯ ಕಚೇರಿಯಲ್ಲಿ ಮೊದಲು ಕೇಳಿಕೊಳ್ಳಿ. ಬಳ್ಳಾರಿ ಜಾಲಿಗೆ ಮಹಾಜನ ವರದಿ ಗೊತ್ತಿಲ್ಲ, ಗಡಿಯ ಆಚೀಚೆ ಒಂದೇ ಸಮ ಬೆಳೆಯುತ್ತದೆ. ತಪಾಸಣಾ ನಾಕೆಯವರಿಗೆ ಮಾತ್ರ ಗಡಿ ಗೊತ್ತಿರುತ್ತದೆ.

ಕಬ್ಬಿಣದ ಬಗ್ಗೆಯೂ ಎರಡು ಮಾತು. ಮನೆಕುಲುಮೆ ಹೂಡುವವರಿಗೆ ಇಲ್ಲಿ ಸುಲಭವಾಗಿ ಸಿಗುವ ಒಳ್ಳೆಯ ಉಕ್ಕು ಲಾರಿಯ ಸ್ಪ್ರಿಂಗ್ ಪಾಟಾ. ಕಬ್ಬಿನ ಹಂಗಾಮಿಗೆ ಸೊಲ್ಲಾಪುರ ಜಿಲ್ಲೆಗೆ ಬರುವ ಕೂಲಿಗಳ ಕೈಯ ಕೋಯತಾ ಹೆಚ್ಚಾಗಿ ಅದರಿಂದಲೇ ಆದದ್ದು. ಗಂಡಹೆಂಡಿರ ಜೋಡಿಯನ್ನೇ ‘ಒಂದು ಕೋಯತಾ’ ಎಂದು ಎಣಿಸುವ ಊರಲ್ಲಿ ಆ ಆಯುಧದ ಮಹತ್ವ ಹೇಳಬೇಕಿಲ್ಲ. ಪಾಟಾದಲ್ಲಿ ಇಂಗಾಲ ನೂರಕ್ಕೆ ಅರ್ಧದಿಂದ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಕಟ್ಟಡದ ಸಲಾಕಿಯಲ್ಲಿ ಅಷ್ಟಿರುವುದಿಲ್ಲ. ಅದಕ್ಕೆ ಎಷ್ಟು ನೀರು ಕುಡಿಸಿದರೂ ಪಾಟಾದ ಅಲಗಿನ ಗಡಸು ಬಾರದು. ‘ಇದ್ದಿಲಿನಲ್ಲಿ ಕಾಯಿಸಿದರೆ ಕಬ್ಬಿಣಕ್ಕೆ ಇಂಗಾಲ ಇಳಿದು ಉಕ್ಕಾಗುತ್ತದೆ’ ಎಂಬ ನಂಬಿಕೆಯೊಂದಿದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಇದ್ದಿಲಿನ ಪುಡಿ ತುಂಬಿ, 900 ಡಿಗ್ರಿಯ ಮೇಲೆ ತಾಸುಗಟ್ಟಲೆ ಕಾಯಿಸಿದರೆ ಅದು ನಿಜ. ತೆರೆದ ಕುಲುಮೆಯಲ್ಲಿ ನಾಲ್ಕು ನಿಮಿಷ ಇಟ್ಟು ತೆಗೆದರೆ ಏನೂ ಇಳಿಯುವುದಿಲ್ಲ.

ಬಣ್ಣ ನೋಡಿ ಕಾವು ಅಳೆಯುವುದನ್ನು ನೆರಳಲ್ಲೇ ಕಲಿಯಬೇಕು. ನಮ್ಮ ಬಿಸಿಲಲ್ಲಿ ಮಂದ ಕೆಂಪಿಗೆ ಕಾದ ಕಬ್ಬಿಣವೂ ಕಪ್ಪಗೆ ಕಾಣುತ್ತದೆ. ಕಂಬಾರರು ಬೇವಿನ ಕೆಳಗೆ, ತಗಡಿನ ಮಾಡಿನ ಕತ್ತಲಲ್ಲಿ ಕೂರುವುದು ಸುಮ್ಮನಲ್ಲ. ಮಂದ ಕೆಂಪು 700ರ ಹತ್ತಿರ. ಆಗ ಬಡಿದರೆ ಕೈ ನೋಯುತ್ತದೆ, ಪಾಟಾ ಬಿರಿಯುತ್ತದೆ. ಕಿತ್ತಳೆಯಿಂದ ಹಳದಿಯವರೆಗೆ, ಅಂದರೆ 950ರಿಂದ 1100, ಬಡಿಯುವ ಹದ. ಅಲಗಿಗೆ ಗಡಸು ಕೊಡುವಾಗ ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದು ನೋಡಿ: 770 ಡಿಗ್ರಿಗೆ ಉಕ್ಕು ಅದಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಮೇಲೆ ಹೋದೊಡನೆ ಎಣ್ಣೆಗೆ ಅದ್ದಬೇಕು, ಪಾಟಾವನ್ನು ನೀರಿಗೆ ಅದ್ದಿದರೆ ಸೀಳುವ ಸಂಭವ ಹೆಚ್ಚು. ಆಮೇಲೆ ಉಜ್ಜಿ ಬೆಳ್ಳಗೆ ಮಾಡಿ, ಮೆಲ್ಲಗೆ ಮತ್ತೆ ಕಾಯಿಸಿದರೆ ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಎಂದು ಬಣ್ಣಗಳು ಓಡುತ್ತವೆ. ಚಾಕುವಿಗೆ ಕಂದು, ಕೋಯತಾಕ್ಕೆ ನೇರಳೆಯಿಂದ ನೀಲಿ. ಇಲ್ಲಿ ಇದ್ದಿಲಿನ ಗುಣ ಚೆನ್ನಾಗಿ ಗೊತ್ತಾಗುತ್ತದೆ. ಊದು ನಿಲ್ಲಿಸಿದ ಕೆಂಡದ ಮೇಲೆ ಹೊಗೆಯಿಲ್ಲದ ಸಮನಾದ ಕಾವು ಸಿಗುವುದರಿಂದ ಬಣ್ಣ ಮಸುಕಾಗದೆ ಕಾಣುತ್ತದೆ.

ದೊಡ್ಡ ಹಾರಿ, ಟ್ರಾಕ್ಟರಿನ ಕುಳ, ಉದ್ದನೆಯ ಪಟ್ಟಿಯಂಥ ಕೆಲಸ ದಿನವಿಡೀ ಮಾಡುವವರು ಕಲ್ಲಿದ್ದಲನ್ನೋ ಕೋಕನ್ನೋ ಹಾಕಿಕೊಳ್ಳಲಿ. ಇದ್ದಿಲನ್ನು ಅವರ ಮೇಲೆ ಹೇರುವುದು ಸರಿಯಲ್ಲ. ಹಿಂಗಾರಿ ಜೋಳದ ಕೊಯ್ಲಿನ ಮುಂಚೆ ಕುಡಗೋಲಿನ ರಾಶಿ ಬಿದ್ದಾಗ ನಮ್ಮ ಕಂಬಾರ ಕಾಕಾನೂ ಸಿಕ್ಕಿದ್ದನ್ನೆಲ್ಲ ಉರಿಸುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ, ಸಲಕರಣೆಗೆ 15,000 ರೂಪಾಯಿ ಸಿಗುತ್ತದೆ. ಕವಾಟವಿರುವ ಒಳ್ಳೆಯ ಬ್ಲೋವರಿಗೆ ಅದು ಸಾಕು.

ಅಪಾಯಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕಣ್ಣಿಗೆ ಕಾಣದ್ದು. ಕಬ್ಬಿಣವನ್ನು ಕಾಯುತ್ತದೆಂದು ಮೇಲೆ ಹೊಗಳಿದ ಕಾರ್ಬನ್ ಮಾನಾಕ್ಸೈಡ್ ಮನುಷ್ಯರನ್ನು ಕೊಲ್ಲುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಇದ್ದಿಲು ಹೊಗೆ ಕೊಡುವುದಿಲ್ಲವಾದ್ದರಿಂದ ಕಿಟಕಿ ತೆರೆಯಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಶಿಗಡಿ ಇಟ್ಟು ಮಲಗಿದವರು ಏಳದೆ ಹೋದ ಸುದ್ದಿಗಳು ಬರುವುದು ಇದರಿಂದಲೇ. ಕುಲುಮೆ ಬಯಲಲ್ಲಿರಲಿ, ಇಲ್ಲವೇ ಮೂರು ಬದಿ ತೆರೆದ ಮಾಡಿನ ಕೆಳಗಿರಲಿ. ತಲೆ ಭಾರವಾದರೆ ‘ಬಿಸಿಲಿನ ಝಳ’ ಎಂದುಕೊಳ್ಳದೆ ಎದ್ದು ಹೊರಗೆ ಬನ್ನಿ. ಗ್ಯಾಲ್ವನೈಸ್ ಮಾಡಿದ ಪೈಪು, ತಗಡನ್ನು ಬೆಂಕಿಗೆ ಹಾಕಬೇಡಿ, ಸತುವಿನ ಹೊಗೆ ಜ್ವರ ತರಿಸುತ್ತದೆ.

ಕೊಳ್ಳುವುದೇ ಬೇಡ, ಹೊಲದ ಜಾಲಿಯಿಂದ ತಾನೇ ಮಾಡಿಕೊಳ್ಳುತ್ತೇನೆ ಎನ್ನುವವರಿಗೆ 200 ಲೀಟರಿನ ಡ್ರಮ್ಮೊಂದು ಸಾಕು, ಪಕ್ಕದ ಮನೆಯವರು ದೂರವಿರಬೇಕು. ತಳದಲ್ಲಿ ನಾಲ್ಕಾರು ತೂತು, ಒಳಗೆ ಮುಂಗೈ ಗಾತ್ರದ ಒಣ ತುಂಡುಗಳು, ಬುಡದಿಂದ ಬೆಂಕಿ. ಮೊದಲು ಏಳುವ ದಟ್ಟ ಬಿಳಿ ಹೊಗೆ ಬರೀ ನೀರು. ಆಮೇಲೆ ಹಳದಿ ಹೊಗೆ, ಕಣ್ಣು ಉರಿಯುತ್ತದೆ. 270 ಡಿಗ್ರಿ ದಾಟಿದ ಕಟ್ಟಿಗೆ ತನ್ನ ಕಾವಿನಲ್ಲೇ ಬೇಯತೊಡಗಿದೆ ಎಂದರ್ಥ. ಹೊಗೆ ತೆಳ್ಳಗೆ ನೀಲಿಯಾದಾಗ ತಳದ ತೂತಿಗೆಲ್ಲ ಮಣ್ಣು ಸರಿಸಿ, ಮುಚ್ಚಳದ ಅಂಚಿಗೆ ರಾಡಿ ಬಳಿದು ಗಾಳಿ ಕಟ್ಟಬೇಕು. ತಡಮಾಡಿದರೆ ಒಳಗೆ ಬೂದಿ, ಅವಸರ ಮಾಡಿದರೆ ಅರೆಬೆಂದ ಕೊಳ್ಳಿ. 100 ಕಿಲೋ ಒಣ ಕಟ್ಟಿಗೆಗೆ 20 ಕಿಲೋ ಇದ್ದಿಲು ಸಿಕ್ಕರೆ ಕೈ ಕುದುರಿದೆ ಎನ್ನಬಹುದು. ಮರುದಿನದವರೆಗೆ ಮುಚ್ಚಳ ಮುಟ್ಟಬೇಡಿ. ಡ್ರಮ್ಮು ಪೂರ್ತಿ ತಣ್ಣಗಿದ್ದರೂ ಹೊಸ ಇದ್ದಿಲನ್ನು ಅದೇ ದಿನ ಗೋಣಿಚೀಲಕ್ಕೆ ತುಂಬಿ ಮನೆಯೊಳಗೆ ಇಡಬಾರದು. ಗಾಳಿ ಹೀರಿಕೊಂಡು ಅದು ಒಳಗಿನಿಂದ ತಾನೇ ಕಾದು ಹೊತ್ತಿಕೊಳ್ಳುವುದುಂಟು. ಅಂಗಳದಲ್ಲಿ ತೆಳ್ಳಗೆ ಹರಡಿ ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಒಳಗೆ ತನ್ನಿ.